ಹಿಂಡಿಗೆ ನಾನು ತೋರಿಸಿದ ಕಪಾಟು

ಕಮಲಾಪುರದ ಮಹಾನಂದಾಬಾಯಿಯವರ ಶೇಂಗಾ ಹಿಂಡಿಯನ್ನು ದನದ ಮೇವಿನ ಸಾಲಿಗೆ ಸೇರಿಸಿದವನು ನಾನು. ಅದು ತಪ್ಪು. ಆ ತಪ್ಪನ್ನು ಅವರ ತಲೆಗೇ ಕಟ್ಟಿದೆನಲ್ಲ—ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಮೂರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಕಲಬುರಗಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕಗಳಿಗೆ ಸಂಖ್ಯೆ ಹಚ್ಚಿ ನಿವೃತ್ತನಾದೆ. ಲೋಕದ ಸಕಲ ವಸ್ತುವಿಗೂ ಒಂದೊಂದು ಕಪಾಟು ಉಂಟೆಂಬುದು ನನ್ನ ಧರ್ಮ. ಅಕ್ಕನ ಮಗ ಶರಣಪ್ಪ ಆನ್‌ಲೈನ್ ಅಂಗಡಿ ತೆರೆದಾಗ—ನಂದೂರಿನ ತೊಗರಿಬೇಳೆ, ದನಕ್ಕೆ ಹತ್ತಿಕಾಳಿನ ಹಿಂಡಿ, ಕಮಲಾಪುರದ ಹೆಂಗಸರು ಮಾಡಿದ ತಿನಿಸು—ಅದರ ಪುಟಗಳಲ್ಲಿ ಸಾಮಾನು ಹೊಂದಿಸುವ ಕೆಲಸವನ್ನು ಕೇಳಿ ಪಡೆದೆ. ಆ ಹೆಂಗಸರ ಪರವಾಗಿ ನನ್ನ ಫೋನಿಗೆ ಪಟ್ಟಿ ಕಳಿಸುತ್ತಿದ್ದವರು ಮಹಾನಂದಾಬಾಯಿ. ತಿನಿಸಿನ ವಿಭಾಗವನ್ನು ಅವರಿಗೇ ಒಪ್ಪಿಸುವುದು ಶರಣಪ್ಪನ ಮನಸ್ಸಿನಲ್ಲಿತ್ತು. ಅವರೂ ಅದಕ್ಕೆ ಕಾದಿದ್ದರು.

ನಮ್ಮ ಕಡೆ ಚಟ್ನಿಪುಡಿಗೂ ಹಿಂಡಿ ಎನ್ನುತ್ತೇವೆ. ದಿನಾ ರೊಟ್ಟಿಗೆ ಹಚ್ಚಿಕೊಂಡು ತಿನ್ನುವವನೇ ನಾನು. ಆದರೂ ನಿಯಮ ನಿಯಮವೇ—ಒಂದು ಪದ, ಒಂದು ಕಪಾಟು. ‘ಹಿಂಡಿ’ ಎಂದು ಒಂದೇ ಪುಟ ಮಾಡಿ, ಅದರೊಳಗೆ ಹತ್ತಿಕಾಳು, ಶೇಂಗಾ, ಅಗಸಿ ಎಂಬ ಆಯ್ಕೆಗಳನ್ನು ಸ್ಥಾಪಿಸಿ, ಮೇಲೊಂದು ಎಮ್ಮೆಯ ಚಿತ್ರ ಹಾಕಿದೆ. ಬಾಯಿಯವರ ಫೋನ್ ಬಂತು.

“ಮಾಸ್ತರ್, ನಮ್ಮ ಹಿಂಡಿ ಮುಂದ ಎಮ್ಮಿ ಯಾಕ ಕಾವಲ ಕುಂತದ ರೀ?”

ಇದೊಂದು ಶಾಸ್ತ್ರ, ನಿಮಗೆ ತಿಳಿಯುವುದಿಲ್ಲ ಎಂದು ನಕ್ಕೆ. ಆ ನಗು—ಇರಲಿ.

ಪುಟ ತೆರೆದರೆ ಹತ್ತಿಕಾಳು ತಾನಾಗಿಯೇ ಆಯ್ಕೆಯಾಗಿ ನಿಂತಿರುತ್ತಿತ್ತು; ಬದಲಿಸದವರಿಗೆ ಅದೇ ಹೋಗುತ್ತಿತ್ತು. ಪುಣೆಯಲ್ಲಿರುವ ನಮ್ಮೂರಿನ ಕುಟುಂಬವೊಂದಕ್ಕೆ ರೊಟ್ಟಿಯ ಜೊತೆ ದನದ ಹಿಂಡಿ ತಲುಪಿತು. ಅವರು ಬರೆದದ್ದನ್ನು ಓದಿ ಕೆಂಡವಾದ ಶರಣಪ್ಪ, ಹೀಗೆ ಹೊಂದಿಸಿದ್ದು ಯಾರೆಂದು ಕೇಳಿದ.

“ಬಾಯಿ ಕೊಟ್ಟ ಪಟ್ಟಿನೇ ಹಂಗಿತ್ತು,” ಎಂದೆ.

ಅವನು ಪಟ್ಟಿ ತೋರಿಸೆನ್ನಲಿಲ್ಲ. ನಾನು ಸೋದರಮಾವ, ಹಿರಿಯ, ಓದಿದವನು. ನಿಮ್ಮ ಪಟ್ಟಿಯೇ ತಪ್ಪಿತ್ತು, ಇನ್ನು ಹಿಂಡಿ ಕುಟ್ಟುವುದಷ್ಟೇ ನಿಮ್ಮ ಕೆಲಸವೆಂದು ಬಾಯಿಯವರಿಗೆ ಹೇಳಿ, ವಿಭಾಗವನ್ನು ನನಗೇ ಬಿಟ್ಟ.

ಮರುದಿನ ಅವರು ಮತ್ತೆ ಫೋನ್ ಮಾಡಿದರು. ಜಗಳಕ್ಕೆಂದೇ ಎದೆ ಗಟ್ಟಿಮಾಡಿಕೊಂಡೆ.

“ಹೆಸರು ಆಮ್ಯಾಲ ನೋಡ್ರಿ ಮಾಸ್ತರ್. ತಿನ್ನೋರು ಯಾರು ಅಂತ ಮೊದಲ ಕೇಳ್ರಿ.”

ಆಮೇಲೆ ಅರ್ಧ ತಾಸು ಪಾಠ. ಮನುಷ್ಯರದು ಬೇರೆ, ದನದ್ದು ಬೇರೆ. ಖಾರ ಹೆಚ್ಚೋ ಕಡಿಮೆಯೋ ಎಂಬುದು ಹಿಂಡಿಯ ಪುಟದೊಳಗಿನ ಆಯ್ಕೆ. ಬೆಳ್ಳುಳ್ಳಿ ಹಾಕದ್ದಕ್ಕೆ ಮಾತ್ರ ಬೇರೆಯೇ ವಿಭಾಗ, ಏಕೆಂದರೆ ತಿನ್ನದವರು ಮೊದಲು ಹುಡುಕುವುದು ಅದನ್ನೇ. ಕಮಲಾಪುರದ ಕೆಂಪು ಬಾಳೆಗೆ ದೊಡ್ಡದು ಸಣ್ಣದು ಬೇಡ—ಇವತ್ತು ತಿನ್ನುವುದು, ನಾಲ್ಕು ದಿನ ಬಿಟ್ಟು ತಿನ್ನುವುದು, ಅಷ್ಟು ಸಾಕು. ಮೂವತ್ತು ವರ್ಷ ಪುಸ್ತಕ ಜೋಡಿಸಿದೆ; ಓದುವವರು ಯಾರೆಂದು ಒಮ್ಮೆಯೂ—

ಅವರು ಹೇಳಿದಂತೆಯೇ ಮಾಡಿದೆ. ಇಂದಿಗೂ ಅಂಗಡಿ ನಿಂತಿರುವುದು ಆ ಏರ್ಪಾಟಿನ ಮೇಲೆ. ಹೊಗಳಿಕೆಯೆಲ್ಲ ನನ್ನ ಗ್ರಂಥಾಲಯದ ಅನುಭವಕ್ಕೆ ಸಂದಿತು. ನಾನೂ ವಿನಯದಿಂದ ತಲೆಬಾಗಿ ಸ್ವೀಕರಿಸಿದೆ.

ಇಂದು ಬೆಳಿಗ್ಗೆ ಶರಣಪ್ಪನಿಗೆ ಎಲ್ಲ ಹೇಳಿದೆ. “ಮಾಮಾ, ಇದನ್ನ ಬಾಯಿಗೆ ನೀವೇ ಹೋಗಿ ಹೇಳ್ರಿ,” ಎಂದ. ವಿಭಾಗವನ್ನು ಬಾಯಿಯವರಿಗೆ ಒಪ್ಪಿಸುವುದು ಅವನ ಕೆಲಸ. ಸುಳ್ಳು ಹೇಳಿದ್ದು ನಾನೆಂದು ಆ ಹೆಂಗಸರೆಲ್ಲರ ಎದುರು ಹೇಳುವುದು ನನ್ನದು; ನಾಳೆ ಕಮಲಾಪುರದ ಬಸ್ಸು ಹತ್ತುತ್ತೇನೆ.

ಅವರಿಗೆ ಹೊಸದೇನನ್ನೂ ಹೇಳುತ್ತಿಲ್ಲವೆಂಬುದು ಈಗ ಹೊಳೆಯುತ್ತಿದೆ. ತಾವು ಬರೆದ ಪಟ್ಟಿಯಲ್ಲಿ ಏನಿತ್ತೆಂದು ಬರೆದವರಿಗೆ ತಿಳಿಯದೇ? ಎಲ್ಲ ಗೊತ್ತಿದ್ದೂ ಅವರು ನನಗೆ ಕಲಿಸಿದರು.