ಮೂಗಿನ ತುದಿಯ ಗುಳ್ಳೆ

1981ರ ಜುಲೈ ಹದಿನಾರು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬಿಳಿಚೋಡಿನ ಹುಲಿಗೆಮ್ಮನವರು ಮನೆಯ ಕಟ್ಟೆಯ ಮೇಲೆ ಕೂತು ಕೆಮ್ಮಣ್ಣು ತೇಯುತ್ತಿದ್ದರು. ಸರ್ಪಸುತ್ತು ಎದ್ದವರಿಗೆ ಗುಳ್ಳೆಗಳ ಸುತ್ತ ಆ ಮಣ್ಣಿನಿಂದ ಗೆರೆ ಎಳೆಯುವುದು ಅವರ ಮನೆತನದ ಪದ್ಧತಿ. ಹಾವಿನ ತಲೆ ಬಾಲ ಕೂಡದಂತೆ ಗೆರೆ ತಡೆಯುತ್ತದೆಂದು ಊರಿನ ನಂಬಿಕೆ.

ಅವತ್ತು ಅವರ ಬಳಿ ಬಂದವರು ನನ್ನ ಅಪ್ಪ, ಟೈಲರ್ ಬೈಲಪ್ಪ. ಎರಡು ದಿನದಿಂದ ಅವರ ಹಣೆಯ ಬಲಭಾಗದಲ್ಲಿ ಗುಳ್ಳೆಗಳಿದ್ದವು. ದಾವಣಗೆರೆ ಆಸ್ಪತ್ರೆಗೆ ಹೋಗೋಣವೆಂದು ನಾನು ಹೇಳಿದರೆ, "ನಿನ್ನ ಬಿ.ಎಸ್ಸಿ. ನಿನ್ಹತ್ರ ಇಟ್ಕೋ" ಎಂದಿದ್ದರು.

ಹುಲಿಗೆಮ್ಮ ಅಪ್ಪನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಮಣ್ಣು ತೇಯುವ ಕಲ್ಲನ್ನು ಪಕ್ಕಕ್ಕೆ ಸರಿಸಿದರು.

"ನಾನು ಗೆರೆ ಎಳೆಯಲ್ಲ."

"ಯಾಕಕ್ಕಾ, ನನ್ನ ಮುಖ ಅಷ್ಟು ಕೆಟ್ಟೈತಾ?"

"ಮುಖ ಮೊದ್ಲಿಂದ ಹಂಗೇ ಐತೆ ಬಿಡಪ್ಪ. ಮೂಗಿನ ತುದೀಗೆ ಒಂದು ಎದ್ದೈತೆ. ಈಗ್ಲೇ ಬಸ್ ಹತ್ತು, ಕಣ್ಣಿನ ಡಾಕ್ಟ್ರಿಗೆ ತೋರ್ಸು."

ನನ್ನ ಮಾತಿಗೆ ಕದಲದವರು ಎಂಟರ ಬಸ್ಸು ಹತ್ತಿದರು. ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಯಲ್ಲಿ ಹುಣ್ಣು ಆಗಷ್ಟೇ ಶುರುವಾಗಿತ್ತು. ಇನ್ನು ಎರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮೂರು ವಾರ ಕಣ್ಣಿಗೆ ಔಷಧಿ ಹಾಕಿದೆವು.

ಇದರ ಕಾರಣ ನಾನು ಆಮೇಲೆ ಓದಿ ತಿಳಿದೆ. ಅಪ್ಪನಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿತ್ತು. ಆ ವೈರಸ್ಸಿನ ಡಿಎನ್‌ಎ ತಲೆಬುರುಡೆಯೊಳಗೆ, ಮುಖಕ್ಕೆ ಹೋಗುವ ನರದ ಬುಡದ ಕೋಶಗಳಲ್ಲಿ ನಲವತ್ತು ವರ್ಷ ಸುಮ್ಮನಿತ್ತು. ಎಚ್ಚೆತ್ತಾಗ ಕೋಶದ ಕೇಂದ್ರದಲ್ಲೇ, ಕೋಶದ ಸಾಮಗ್ರಿಯಿಂದಲೇ, ತನ್ನ ಪ್ರತಿಗಳನ್ನು ಮಾಡಿಕೊಂಡಿತು. ಹೊಸ ವೈರಸ್ಸುಗಳು ನರದ ಉದ್ದಕ್ಕೂ ಇಳಿದು, ಚರ್ಮದ ಕೋಶಗಳಲ್ಲಿ ಮತ್ತೆ ಹೆಚ್ಚಿ ಗುಳ್ಳೆಯೆಬ್ಬಿಸಿದವು. ಮೂಗಿನ ತುದಿಗೂ ಕಣ್ಣಿನ ಒಳಗೂ ಹೋಗುವುದು ಆ ನರದ ಒಂದೇ ಕವಲು. ಮೂಗಿಗೆ ಬಂತೆಂದರೆ ಕಣ್ಣಿಗೂ ಬರುವ ಸಂಭವ ಹೆಚ್ಚು.

ಅಪ್ಪ ಇನ್ನೂ ಹನ್ನೆರಡು ವರ್ಷ ತಾವೇ ಸೂಜಿಗೆ ದಾರ ಪೋಣಿಸಿದರು. ಪ್ರತಿ ಯುಗಾದಿಗೆ ಹುಲಿಗೆಮ್ಮನಿಗೆ ಒಂದು ರವಿಕೆ ಹೊಲಿದು ಕೊಡುತ್ತಿದ್ದರು. "ಕಣ್ಣು ಉಳಿಸಿದ್ದಕ್ಕೆ ತೋಳು ಬಿಗಿ ಮಾಡ್ತೀಯೇನೋ" ಎಂದು ಆಕೆ ಬೈಯುತ್ತಲೇ ಅದನ್ನು ತೊಡುತ್ತಿದ್ದರು.

ಒಮ್ಮೆ ರವಿಕೆ ತಲುಪಿಸಲು ಹೋದಾಗ, ಅವತ್ತು ಯಾಕೆ ಗೆರೆ ಎಳೆಯಲಿಲ್ಲವೆಂದು ಕೇಳಿದೆ. ಅವರು ಬೆರಳು ಮಡಚುತ್ತಾ ಹೇಳಿದರು:

"ನಿಮ್ಮಪ್ಪಗಿಂತ ಮುಂಚೆ ಒಂಬತ್ತು ಮಂದೀಗೆ ಮೂಗಿಗೆ ಬಂದಿತ್ತಪ್ಪ. ಎಲ್ಲಾರ್ಗೂ ನಾನೇ ಗೆರೆ ಎಳ್ದೆ. ಕಣ್ಣು ಹೋಗಿದ್ದು ಏಳು ಮಂದೀಗೆ."