ಕೊಬ್ಬರಿ ತೂಗುವವನ ಬೀಜಗಣಿತ

ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ತೂಗುತ್ತಿದ್ದ ಗಂಗಾಧರಪ್ಪನಿಗೆ ಆಗ ಮೂವತ್ತೆಂಟು ವರ್ಷ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಂಡಿಯವರು ಅವನನ್ನು ಕರೆಯುತ್ತಿದ್ದುದು ‘ತಕ್ಕಡಿ’ ಎಂದು. ಯಾರಾದರೂ ಹೆಸರು ಹಿಡಿದು ಕೂಗಿದರೆ, ಇನ್ಯಾರೋ ಇರಬೇಕೆಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ.

ಇಂಟರ್ಮೀಡಿಯೆಟ್ ಪಾಸಾದರೆ ಸ್ಕೂಲಿನಲ್ಲಿ ಗುಮಾಸ್ತೆ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರು. ಪರೀಕ್ಷೆಗೆ ಕಟ್ಟಿದ. ಉಳಿದದ್ದೆಲ್ಲ ದಾಟಿತು, ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತು. ಹಾಗಾಗಿ ಪ್ರತಿ ಭಾನುವಾರ ಬಸ್ಸು ಹತ್ತಿ, ಜಾವಗಲ್ಲು, ಹಳೇಬೀಡು ದಾಟಿ, ಬೇಲೂರಿನ ನಿವೃತ್ತ ಮೇಷ್ಟ್ರು ರಾಮಾನುಜಯ್ಯಂಗಾರ್ ಮನೆಗೆ ಪಾಠಕ್ಕೆ ಹೋಗತೊಡಗಿದ.

ಮೊದಲ ದಿನವೇ ಒಂದು ಲೆಕ್ಕ: ಆರನ್ನು ಎಕ್ಸಿನಿಂದ ಭಾಗಿಸಿದರೆ ಎರಡಕ್ಕಿಂತ ಕಡಿಮೆ ಬರಬೇಕು, ಎಕ್ಸು ಎಷ್ಟಿರಬಹುದು? ಗಂಗಾಧರಪ್ಪ ಎರಡೂ ಕಡೆ ಎಕ್ಸಿನಿಂದ ಗುಣಿಸಿ, ಮೂರಕ್ಕಿಂತ ಹೆಚ್ಚು ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದ.

“ಎಕ್ಸು ಸೊನ್ನೆಗಿಂತ ಮೇಲೇ ಇದೆ ಅಂತ ನಿನಗ್ಯಾರಯ್ಯಾ ಹೇಳಿದ್ದು?” ಎಂದರು ಮೇಷ್ಟ್ರು.

“ಕೆಳಗೆ ಹೆಂಗೆ ಹೋಯ್ತದೆ ಮೇಷ್ಟ್ರೇ? ಇಪ್ಪತ್ತು ವರ್ಷ ತೂಗಿದೀನಿ, ಸೊನ್ನೆಗಿಂತ ಕಮ್ಮಿ ತೂಗೋ ಕೊಬ್ಬರಿ ಕಂಡಿಲ್ಲ.”

“ಪ್ರಶ್ನೇಲಿ ಕೊಬ್ಬರಿ ಅಂತ ಎಲ್ಲಿದೆ, ತೋರಿಸು! ಋಣ ಮೂರು ಹಾಕಿ ನೋಡು. ಋಣ ಎರಡು ಬಂತೋ? ಅದು ಎರಡಕ್ಕಿಂತ ಕಮ್ಮಿಯೋ ಅಲ್ಲವೋ? ಎಕ್ಸು ಋಣವಾದ್ರೆ ಗುಣಿಸುವಾಗ ಚಿಹ್ನೆ ತಿರುಗತ್ತೆ. ಸೊನ್ನೆಯಿಂದ ಕೆಳಗಿನವರನ್ನೆಲ್ಲ ಬಾಗಿಲಾಚೆ ನಿಲ್ಲಿಸಿಬಿಟ್ಟೆಯಲ್ಲೋ ಪುಣ್ಯಾತ್ಮ!”

“ಬೈದಿದ್ದು ಸಾಕು,” ಎನ್ನುತ್ತ ಮೇಷ್ಟ್ರ ಹೆಂಡತಿ ಶ್ರೀರಂಗಮ್ಮ ಲೋಟ ತಂದಿಟ್ಟರು. “ಗಂಗಾಧರಪ್ಪನೋರೇ, ಕಾಫಿ ಆರತ್ತೆ, ತಗೊಳ್ಳಿ.”

ಅಂದಿನಿಂದ ಅವನಿಗೆ ವಾರದಲ್ಲಿ ಒಂದೇ ದಿನ. ಉಳಿದ ಆರು ದಿನ ಮೂಟೆಗಳ ನಡುವೆ ಬರಿದೇ ಕಳೆಯುತ್ತಿದ್ದವು. ಮೇಷ್ಟ್ರ ಹತ್ತಿರ ಪಾಠಕ್ಕಿದ್ದ ಇನ್ನಿಬ್ಬರು ಅವನ ಪರೀಕ್ಷೆಗೆ ಮುಂಚೆಯೇ ಪಾಸಾದರು. ಹಣ್ಣು ತಂದು, ಕಾಲಿಗೆ ಬಿದ್ದು ಹೋದವರು ಮತ್ತೆ ಆ ಬೀದಿಗೆ ಬರಲಿಲ್ಲ. ಗಂಗಾಧರಪ್ಪ ಅದನ್ನು ನೋಡಿಯೇ ಇದ್ದ.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಎಕ್ಸು ಧನವಾದರೆ ಹೀಗೆ, ಋಣವಾದರೆ ಹೀಗೆ ಎಂದು ಎರಡನ್ನೂ ಬಿಡಿಸಿದ. ಪಾಸಾದ. ಮಂಡಿಯಲ್ಲಿ ಯಾರಿಗೂ ಹೇಳಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಭಾನುವಾರ ಮೇಷ್ಟ್ರು ಜಗುಲಿಯಲ್ಲೇ ಕೂತಿದ್ದರು. “ಏನಾಯ್ತಯ್ಯಾ?”

ಬಸ್ಸಿನಲ್ಲಿ ಕೊಂಡಿದ್ದ ಬಾಳೆಹಣ್ಣಿನ ಚಿಪ್ಪನ್ನು ಗಂಗಾಧರಪ್ಪ ಬೆನ್ನ ಹಿಂದೆ ಸರಿಸಿದ.

“ಹೋಯ್ತು ಮೇಷ್ಟ್ರೇ. ಎರಡು ನಂಬರಲ್ಲಿ.”

ಮೇಷ್ಟ್ರು ಗೋಡೆ ಹಿಡಿದು ಎದ್ದರು. “ಬಾ ಒಳಗೆ, ಪುಸ್ತಕ ತೆಗಿ,” ಎಂದರು.

ಗುಮಾಸ್ತೆ ಕೆಲಸಕ್ಕೆ ಅವನು ಅರ್ಜಿ ಹಾಕಲಿಲ್ಲ; ಹಾಕಿದರೆ ಸುದ್ದಿ ಬೇಲೂರು ಮುಟ್ಟುತ್ತಿತ್ತು. ಆ ಭಾನುವಾರ ಮೇಷ್ಟ್ರು ಮುಂದಿನ ವಾರಕ್ಕೆ ಎರಡು ಲೆಕ್ಕ ಕೊಟ್ಟರು. ಸರಿಯುತ್ತರ ವಾಪಸ್ ಬಸ್ಸಿನಲ್ಲಿ ಹಳೇಬೀಡು ಬರುವಷ್ಟರಲ್ಲೇ ಹೊಳೆಯಿತು. ನಂಬುವಂಥ ತಪ್ಪುತ್ತರ ಹುಡುಕಲು ಶನಿವಾರದವರೆಗೆ ಹಿಡಿಯಿತು.