ಉರಿಯುವುದೂ ಬೆಳಗುವುದೂ

ಸಂಜೆ ಸ್ವಿಚ್ಚು ಒತ್ತಿ ಬಲ್ಬು ಹೊತ್ತಿದ ಕೂಡಲೇ ಅದಕ್ಕೆ ಕೈಮುಗಿಯುವ ಅಭ್ಯಾಸ ನನಗುಂಟು. ನಿಮ್ಮ ಮನೆಯ ಹಿರಿಯರಿಗೂ ಇದ್ದೀತು, ನಗಬೇಡಿ. ಅದರಲ್ಲಿ ಭಕ್ತಿ ಎಷ್ಟು ಎಂದು ಕೇಳಿದರೆ ಹೆಚ್ಚೇನಿಲ್ಲ. ಸೊಳ್ಳೆ ಕಚ್ಚಿದಲ್ಲಿಗೆ ಕೈ ಹೋಗುವ ಹಾಗೆ, ಹೊತ್ತು ಮುಳುಗುವಾಗ ಬೆಳಕು ಕಂಡರೆ ಎರಡು ಕೈ ತಾವಾಗಿ ಸೇರುತ್ತವೆ, ಅಷ್ಟೇ. ಲಾಯಿಲದ ನಮ್ಮ ಮನೆಗೆ ಕರೆಂಟು ಬಂದದ್ದು ತಡವಾಗಿ. ಬಂದಾಗ, ಅಷ್ಟು ವರ್ಷ ಚಿಮಿಣಿ ಎಣ್ಣೆಯ ದೀಪಕ್ಕೆ ಮುಗಿಯುತ್ತಿದ್ದ ಕೈಯನ್ನು ಬಲ್ಬಿನ ಕಡೆಗೆ ತಿರುಗಿಸಿಕೊಂಡೆ. ಕೈ ತಕರಾರು ಮಾಡಲಿಲ್ಲ.

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು. ಅಕ್ಷರ ಅಷ್ಟಕ್ಕೇ ನಿಂತರೂ ಬೆಳಕಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಮಾತ್ರ ಬೆಳೆಯುತ್ತಲೇ ಹೋಯಿತು. ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಮೊರ ಇಟ್ಟುಕೊಂಡು ಕುಳಿತರೆ ದೀಪ ಎಡಗಡೆಯೇ ಇರಬೇಕು, ಇಲ್ಲವಾದರೆ ಬಲಗೈಯ ನೆರಳು ಎಲೆಯ ಮೇಲೆ ಬೀಳುತ್ತದೆ. ಒಂದು ಗೇಣು ಹತ್ತಿರವಾದರೆ ಎಲೆ ಹೊಳೆದು ನರ ಕಾಣದು, ಒಂದು ಗೇಣು ದೂರವಾದರೆ ನೂಲು ಕಾಣದು. ದೀಪದ ಮುಖ ನೋಡಿದವಳ ಬೀಡಿ ಸಡಿಲ. ಇಷ್ಟೇ ನನ್ನ ವಿದ್ಯೆ. ಇದು ಮುಂದೆ ಕಂಪ್ಯೂಟರಿಗೆ ಉಪಯೋಗಕ್ಕೆ ಬಂದೀತೆಂದು ಯಾರಾದರೂ ಹೇಳಿದ್ದರೆ ಅವರ ತಲೆ ಸರಿ ಉಂಟಾ ಎಂದು ಕೇಳುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕಣ್ಣಿನ ಪೊರೆ ತೆಗೆಸಿಕೊಂಡು ಮೂಡುಬಿದಿರೆಯಲ್ಲಿ ಮಗಳ ಮನೆಯಲ್ಲಿದ್ದೆ. ಮಗಳ ಮಗಳು, ನನ್ನ ಪುಳ್ಳಿ ಅಶ್ವಿನಿ, ಅಲ್ಲಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವ ಆಫೀಸು. ಗಲ್ಫಿನಲ್ಲಿದ್ದು ಊರಲ್ಲಿ ಮನೆ ಕಟ್ಟಿಸುವವರೇ ಅವರಿಗೆ ಪಾರ್ಟಿಗಳು. ಇವಳನ್ನು ಸೇರಿಸಿಕೊಂಡದ್ದು ಜೆರಾಕ್ಸ್ ತೆಗೆಯಲಿಕ್ಕೆ. ಚಿತ್ರದ ಕೆಲಸವನ್ನು ಅವರಿವರ ಬೆನ್ನ ಹಿಂದೆ ನಿಂತು ಕಲಿತು, ಹಠ ಮಾಡಿ ಒಂದು ಮನೆ ತನಗೆಂದು ಕೇಳಿ ತೆಗೆದುಕೊಂಡಿದ್ದಳು.

ಅದು ಮಾಣಿ ಊರಿನ ನಫೀಸಮ್ಮನವರ ಮನೆ. ಮಗ ದುಬಾಯಿಯಲ್ಲಿ, "ಉಮ್ಮ ಒಪ್ಪಿದರೆ ಮುಗಿಯಿತು" ಎಂದು ಫೋನಿನಲ್ಲಿ ಹೇಳಿದ್ದನಂತೆ. ಉಮ್ಮ ಬಂದರು, ಚಿತ್ರ ನೋಡಿದರು. ಸಂಜೆ ಹೊತ್ತಿನ ಮನೆ, ಸಿಟೌಟಿನ, ಎಂದರೆ ಮುಂದಿನ ಜಗಲಿಯ, ಮಾಡಿನಿಂದ ಇಳಿಬಿಟ್ಟ ಗಾಜಿನ ದೀಪ, ಅವರ ಆಸೆಯಂತೆ ಕೆಂಪು ಕಾವಿ ನೆಲ.

"ಮನೆ ಲಾಯ್ಕ ಉಂಟು ಮಗಳೇ," ಎಂದರಂತೆ. "ಒಳಗೆ ಜನ ಯಾರೂ ಇಲ್ವಾ? ಬೀಗ ಹಾಕಿದ ಹಾಗೆ ಕಾಣ್ತದೆ."

ಅಷ್ಟು ಹೇಳಿ ಎದ್ದುಹೋದರು. ಆಫೀಸಿನ ಯಜಮಾನರು, ಶನಿವಾರ ಅವರು ಪುನಃ ಬರುತ್ತಾರೆ, ಆಗಲೂ ಒಪ್ಪದಿದ್ದರೆ ನೀನು ಜೆರಾಕ್ಸ್ ಮೆಷಿನಿಗೇ ವಾಪಸ್ಸು ಎಂದರು.

ಹುಡುಗಿ ಆಫೀಸಿನ ಕಂಪ್ಯೂಟರನ್ನು ಮನೆಗೇ ಹೊತ್ತು ತಂದು ಅದರ ಮುಂದೆ ಊಟ ಬಿಟ್ಟು ಕುಳಿತಳು. ಹೊಸ ಕಣ್ಣಿನ ಉತ್ಸಾಹದಲ್ಲಿ ನಾನೂ ಹೋಗಿ ನೋಡಿದೆ.

"ದೀಪ ಸತ್ತಿದೆ," ಎಂದೆ.

"ಲೈಟು ಹಾಕಿದ್ದೇನಲ್ಲ ಅಜ್ಜಿ, ಸರಿ ನೋಡಿ, ಉರೀತಾ ಉಂಟು."

"ಉರಿಯುವುದು ಉರೀತದೆ. ಬೆಳಗುವುದಿಲ್ಲ ಮಾರಾಯ್ತಿ."

ತುಳುವಿನಲ್ಲಿ ನಾನು ಹೇಳಿದ್ದು ಹೀಗೆ: ತುಡರ್ ಪೊತ್ತುಂಡು, ಬೊಲ್ಪು ಇಜ್ಜಿ. ದೀಪ ಹೊತ್ತಿದೆ, ಬೆಳಕಿಲ್ಲ. ಗಾಜು ನಿಂಬೆಹಣ್ಣಿನ ಹಾಗೆ ಹಳದಿಯಾಗಿತ್ತು, ಕೆಳಗಿನ ನೆಲ ಮಾತ್ರ ಅದರ ಪರಿಚಯವೇ ಇಲ್ಲದ ಹಾಗೆ ಕಪ್ಪಗಿತ್ತು.

ಅವಳು ವಿವರಿಸಿದಳು. ಕಂಪ್ಯೂಟರಿನ ಲೋಕದಲ್ಲಿ ಇವು ಎರಡು ಬೇರೆ ಬೇರೆ ಕೆಲಸಗಳಂತೆ. ಗಾಜಿಗೆ ಹೊಳೆಯುವ ಗುಣ ಕೊಟ್ಟರೆ ಅದು ಹೊಳೆಯುತ್ತದೆ, ಪಕ್ಕದ ಗೋಡೆಗೆ ಕಾಸಿನಷ್ಟೂ ಕೊಡುವುದಿಲ್ಲ. ಗೋಡೆ ಬೆಳಗಬೇಕಾದರೆ ಗಾಜಿನೊಳಗೆ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನು ಅಡಗಿಸಿಡಬೇಕು. ಕೇಳಿ ನಾನು ಬೆರಗಾದೆ. ನಮ್ಮ ಲೋಕದಲ್ಲಿ ಒಂದು ಬೆಂಕಿಕಡ್ಡಿ ಗೀರಿದರೆ ಎರಡೂ ಒಟ್ಟಿಗೆ ಬರುತ್ತವೆ. ಮನುಷ್ಯರಲ್ಲಿ ಹಾಗಲ್ಲ ಎಂಬುದು ಬೇರೆ ಮಾತು. ತೀರಿಹೋದ ನನ್ನ ಗಂಡ ಜೀವಮಾನವಿಡೀ ಉರಿದ, ಮನೆಯ ಒಂದು ಮೂಲೆ ಬೆಳಗಿದ್ದು ನಾನು ಕಾಣೆ.

ಅಡಗಿಸಿಟ್ಟ ಬೆಳಕಿನಿಂದ ನೆಲ ಬೆಳಗಿತು. ಇನ್ನೂ ಚಂದವಾಗಲೆಂದು ಅವಳು ದೀಪದ ಸುತ್ತ ಒಂದು ಪ್ರಭೆಯನ್ನೂ ಹಚ್ಚಿ ನನ್ನನ್ನು ಕರೆದಳು. ಚಂದ್ರನಿಗೆ ಕೊಡೆ ಕಟ್ಟಿದ ಹಾಗೆ ಅರ್ಧ ಮಾಡು ಆ ಪ್ರಭೆಯಲ್ಲೇ ಮುಳುಗಿತ್ತು.

"ಇದು ನಾನು ಕಂಡ ದೀಪವೇ," ಎಂದೆ. "ಪೊರೆ ತೆಗೆಯುವ ಮೊದಲು. ನಿನ್ನ ಮನೆಗೆ ಆಪರೇಷನ್ ಮಾಡಿಸು."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಶುಕ್ರವಾರ ಸಂಜೆ, ಪ್ರಭೆ ತೆಗೆದ ಚಿತ್ರ ಸರಿಯಾಗಿ ಬೇಯುತ್ತಿದ್ದಾಗ ಕರೆಂಟು ಹೋಯಿತು. ಬೇಯುವುದು ಎಂಬುದು ನನ್ನ ಮಾತು, ಅವಳು ರೆಂಡರ್ ಎನ್ನುತ್ತಾಳೆ. ಸಣ್ಣ ಸಣ್ಣ ಚೌಕಗಳಲ್ಲಿ ಚಿತ್ರ ಮೇಲಿನಿಂದ ತುಂಬುತ್ತಾ ಬರಲು ಗಂಟೆಗಟ್ಟಲೆ ಬೇಕು, ನಡುವೆ ಕರೆಂಟು ಹೋದರೆ ಮೊದಲಿನಿಂದ. ಅವಳು ತಲೆಯ ಮೇಲೆ ಕೈಹೊತ್ತು ಕುಳಿತಳು. ನಾನು ಅಡುಗೆಮನೆಯಿಂದ ಚಿಮಿಣಿ ದೀಪ ತಂದು ಹೊತ್ತಿಸಿ, ಚಾವಡಿಯ ಕಾವಿ ನೆಲದ ಮೇಲೆ, ಗೋಡೆಯಿಂದ ಎರಡು ಗೇಣು ಬಿಟ್ಟು ಇಟ್ಟೆ.

"ಇಲ್ಲಿ ಕೂತುಕೋ. ದೀಪ ನೋಡಬೇಡ, ಗೋಡೆ ನೋಡು."

ಕುಳಿತಳು. ನಾನೂ ಕುಳಿತೆ. ಐವತ್ತು ವರ್ಷ ದೀಪದ ಪಕ್ಕದಲ್ಲಿ ಕಳೆದ ನಾನು ಎಲೆ ಬಿಟ್ಟು ಬೇರೇನನ್ನೂ ನೋಡಿರಲಿಲ್ಲವೆಂದು ಆಗ ತಿಳಿಯಿತು. ಗೋಡೆಯ ಬುಡದಲ್ಲಿ ಸುಣ್ಣದ ಬಿಳಿ ಬಿಳಿಯಾಗಿರಲಿಲ್ಲ, ಕೆಂಪು ನೆಲ ತನಗೆ ಬಂದ ಬೆಳಕಿನಲ್ಲಿ ಒಂದು ಪಾಲನ್ನು ಕೆಂಪು ಮಾಡಿ ಗೋಡೆಗೆ ಹಿಂದಿರುಗಿಸುತ್ತಿತ್ತು. ಬೆಳಕು ಗೆರೆ ಎಳೆದ ಹಾಗೆ ಎಲ್ಲಿಯೂ ಮುಗಿಯಲಿಲ್ಲ. ದೀಪದ ಹತ್ತಿರ ಬೇಗ ಬೇಗ ಕಡಿಮೆಯಾಗಿ, ದೂರ ಹೋದಂತೆ ನಿಧಾನವಾಗಿ, ಮನಸ್ಸಿಲ್ಲದೆ ಹೊರಡುವ ನೆಂಟರ ಹಾಗೆ ಮೂಲೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಉರಿಯ ನಟ್ಟನಡು ಬೆಳ್ಳಗೆ, ಅಂಚು ಮಾತ್ರ ಹಳದಿ. ಅಶ್ವಿನಿ ಒಂದೊಂದನ್ನೇ ಪುಸ್ತಕದಲ್ಲಿ ಬರೆದುಕೊಂಡಳು.

ಕರೆಂಟು ಬಂದ ಮೇಲೆ ಅವಳು ಮಾಡಿದ್ದನ್ನು ನೋಡಿ ನಾನು ಮೆಚ್ಚಿದೆ, ಮೆಚ್ಚಿದ್ದನ್ನು ಹೇಳಲಿಲ್ಲ. ದೇವರು ಒಂದು ಸಲ ನಿಯಮ ಮಾಡಿ ಕೈತೊಳೆದುಕೊಂಡ. ಈ ಹುಡುಗಿ ಮಾತ್ರ ಬೆಳಕಿಗೆ, ನೀನು ಇಲ್ಲಿಂದ ಹೊರಡು, ನೆಲಕ್ಕೆ ಇಷ್ಟು ಕೊಡು, ನೆಲದಿಂದ ಗೋಡೆಗೆ ಇಷ್ಟು ದಾಟಿಸು, ಆ ಕಂಬದ ಹಿಂದೆ ಇಂತಲ್ಲಿ ಸಾಯು ಎಂದು ಒಂದೊಂದಾಗಿ ಹೇಳಿಕೊಡಬೇಕಿತ್ತು. ಅಷ್ಟು ತಾಳ್ಮೆಯಿಂದ ನಾನು ನನ್ನ ಮಕ್ಕಳಿಗೂ ಏನನ್ನೂ ಹೇಳಿಕೊಟ್ಟವಳಲ್ಲ.

ಶನಿವಾರ ಅವಳ ಜತೆ ನಾನೂ ಆಫೀಸಿಗೆ ಹೋದೆ. ಹನ್ನೊಂದು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಸೆಕೆಗೆ ತಲೆವಸ್ತ್ರವನ್ನು ಹೆಗಲಿಗೆ ಜಾರಿಸಿಕೊಂಡು ನಫೀಸಮ್ಮ ಪರದೆಯ ಮುಂದೆ ಕುಳಿತರು. ಅಶ್ವಿನಿ ಚಿತ್ರ ತೆರೆದಳು. ಯಜಮಾನರು ಗಂಟಲು ಸರಿಮಾಡಿಕೊಂಡರು. ಆಗ ನಫೀಸಮ್ಮನ ಕೈ ಮೆಲ್ಲಗೆ ಹೆಗಲಿಗೆ ಹೋಗಿ, ವಸ್ತ್ರವನ್ನು ಎಳೆದು ತಲೆಯ ಮೇಲೆ ಹೊದಿಸಿತು.

"ಬಾಂಗು ಆಯ್ತಾ?" ಎಂದು ನನ್ನ ಕಡೆ ತಿರುಗಿದರು, ಮಸೀದಿಯಿಂದ ಸಂಜೆಯ ನಮಾಜಿನ ಕರೆ ಕೇಳಿತೇ ಎಂಬ ಹಾಗೆ.

ಕೇಳಿದ ಮೇಲೆ ಬಾಗಿಲಿನ ಬಿಸಿಲು ಕಂಡು ಅವರಿಗೇ ನಗು ತಡೆಯಲಾಗಲಿಲ್ಲ. "ನೋಡಿ ಇವರೇ, ನಿಮ್ಮ ಪುಳ್ಳಿ ಹನ್ನೊಂದು ಗಂಟೆಗೇ ನನಗೆ ಸಂಜೆಯ ಮಗ್ರಿಬ್ ಮಾಡಿಸಿದಳು," ಎಂದರು. "ಇದು ಸಾಕು ಮಗಳೇ. ಇದರಲ್ಲಿ ಜನ ಉಂಟು."

ಚಿತ್ರದಲ್ಲಿ ಜನರಿರಲಿಲ್ಲ, ಆ ದಿನವೂ ಅದೇ ಖಾಲಿ ಸಿಟೌಟು. ಸೋಮವಾರದಿಂದ ಜೆರಾಕ್ಸ್ ತೆಗೆಯಲು ಬೇರೆಯವರು ಬಂದರು.

ಈಗಲೂ ಸಂಜೆ ಸ್ವಿಚ್ಚು ಒತ್ತಿದ ಕೂಡಲೇ ಕೈ ಸೇರುತ್ತದೆ. ಆದರೆ ನಾನು ಬಲ್ಬಿಗೆ ಬೆನ್ನು ಹಾಕಿ, ಎದುರಿನ ಗೋಡೆಯ ಬುಡದಲ್ಲಿ ಸ್ವಲ್ಪ ಕೆಂಪು ಕಾಣುವಲ್ಲಿಗೆ ತಿರುಗಿ ಮುಗಿಯುತ್ತೇನೆ. ಪೊರೆ ತೆಗೆಸಿದರೂ ಅಮ್ಮನಿಗೆ ದಿಕ್ಕು ತಿಳಿಯುವುದಿಲ್ಲ ಎಂದು ಮಗಳು ಗೊಣಗುತ್ತಾಳೆ. ಅಶ್ವಿನಿ ಮನೆಯಲ್ಲಿದ್ದರೆ ಬಂದು ನನ್ನ ಪಕ್ಕದಲ್ಲಿ ನಿಂತು ಅದೇ ಗೋಡೆ ನೋಡುತ್ತಾಳೆ.